ಸವೆದ ಮೂರನೆಯ ಚುಕ್ಕಿ

ನಮ್ಮ ಮನೆಯ ಬಾಗಿಲು ತೆಗೆಯುವವನು ನಾನು. ಬಂದವರು ನನ್ನ ಭುಜದ ಮೇಲಿಂದ ಒಳಗೆ ಇಣುಕಿ, "ಅವರಿದಾರಾ?" ಎಂದು ಕೇಳುತ್ತಾರೆ. ಅವರು ಎಂದರೆ ನನ್ನ ತಂಗಿ. ಊರಿಗೆಲ್ಲ ಆಕೆ ಮೀಟರಮ್ಮ. ಮನೆಯ ಕೆಳಗಿನ ಕೋಣೆಯಲ್ಲಿ ನಾವಿಬ್ಬರೂ ವಿದ್ಯುತ್ ಮೀಟರುಗಳ ರಿಪೇರಿ ಮಾಡುತ್ತೇವೆ. ಅಂಗಡಿ ಹಾಕಿದವನು ನಾನು, ಕೆಲಸ ಕಲಿಸಿದವನು ನಾನು, ಅವಳ ಕೈಗೆ ಮೊದಲ ಸ್ಕ್ರೂಡ್ರೈವರ್ ಕೊಟ್ಟವನೂ ನಾನೇ. ಆದರೆ ಎಲ್ಲಾದರೂ ಬೆಂಕಿ ಬಿದ್ದರೆ, ಏನಾದರೂ ಕಳುವಾದರೆ, ಯಾರ ಮೇಲಾದರೂ ಸುಳ್ಳು ಅಪವಾದ ಬಂದರೆ ಜನ ಹುಡುಕಿಕೊಂಡು ಬರುವುದು ಅವಳನ್ನು. ನನಗೇನೂ ಹೊಟ್ಟೆಕಿಚ್ಚಿಲ್ಲ ಎಂದು ಬಹಳ ವರ್ಷ ಹೇಳಿಕೊಂಡು ಓಡಾಡಿದೆ. ಈ ಪ್ರಕರಣ ಮುಗಿದ ಮೇಲೆ ಹಾಗೆ ಹೇಳುವುದನ್ನು ಬಿಟ್ಟಿದ್ದೇನೆ.

ಅಂದು ಗುರುವಾರ ಬೆಳಗ್ಗೆ ಬಾಗಿಲು ತಟ್ಟಿದವಳು ನಲವತ್ತೈದರ ಆಸುಪಾಸಿನ ಹೆಂಗಸು. ಬೆರಳ ತುದಿಗಳ ತುಂಬ ತಾಮ್ರದ ಎಳೆ ಚುಚ್ಚಿದ ಹಳೆಯ ಕಲೆಗಳಿದ್ದವು. ನನ್ನನ್ನು ಕೇಳಿದ್ದು ಅದೇ ಒಂದು ಪದದ ಪ್ರಶ್ನೆ. ಮೀಟರಮ್ಮ ಆಗ ಗೋಡೆಯ ಮೇಲಿನ ದೊಡ್ಡ ಮೀಟರಿನ ಮುಳ್ಳನ್ನು ನೋಡಿ, ತುಟಿಯಲ್ಲೇ ಏನೋ ಗೊಣಗಿ, ಚೀಟಿಯ ಮೇಲೆ ಸಂಖ್ಯೆ ಬರೆಯುತ್ತಿದ್ದಳು. ಆ ಮೀಟರನ್ನು ನೋಡುವಾಗೆಲ್ಲ ಹಾಗೆ ಗೊಣಗುವುದು ಅವಳ ಅಭ್ಯಾಸ. ಏನು ಗೊಣಗುತ್ತೀಯೆಂದು ನಾನೆಂದೂ ಕೇಳಿರಲಿಲ್ಲ. ಆ ಮೀಟರಿನ ಮಾತೆತ್ತುವುದೇ ನನಗೆ ಬೇಕಿರಲಿಲ್ಲ.

ಬಂದವಳು ಕುರ್ಚಿಯ ತುದಿಯಲ್ಲಿ ಕುಳಿತು ತನ್ನ ಕತೆ ಹೇಳಿದಳು. ಆಕೆ ವಿದ್ಯುತ್ ಪ್ಯಾನೆಲ್ ತಯಾರಿಸುವ ಒಂದು ವರ್ಕ್‌ಶಾಪಿನಲ್ಲಿ ಹದಿನೆಂಟು ವರ್ಷಗಳಿಂದ ವೈರಿಂಗ್ ಕೆಲಸ ಮಾಡುತ್ತಿದ್ದಳು. ಅಲ್ಲಿ ಎಲ್ಲರೂ ಅವಳನ್ನು ದೊಡ್ಡಕ್ಕ ಎಂದೇ ಕರೆಯುತ್ತಾರೆ. ಅವಳ ಒಡಹುಟ್ಟಿದ ತಂಗಿಯೂ ಅಲ್ಲೇ ಕೆಲಸಕ್ಕಿದ್ದಾಳೆ. ಕೆಲಸಕ್ಕೆ ಸೇರಿಸಿದ್ದೂ ಕಲಿಸಿದ್ದೂ ದೊಡ್ಡಕ್ಕನೇ. ಈಗ ಆ ತಂಗಿಯ ಮೇಲೆ ಘೋರವಾದ ಆರೋಪ ಬಂದಿದೆ. ಅವಳು ವೈರಿಂಗ್ ಮಾಡಿದ ಪ್ಯಾನೆಲೊಂದು ಐಸ್ ಫ್ಯಾಕ್ಟರಿಗೆ ಹೋಗಿ ಹತ್ತು ದಿನಕ್ಕೆ ಸುಟ್ಟುಹೋಯಿತು. ಅದರ ಬಾಗಿಲು ತೆಗೆಯಲು ಹೋದ ಆಪರೇಟರನ ಎಡಗೈ ಬೆಂದಿತು. ಸುಟ್ಟಿದ್ದಕ್ಕೆ ಕಾರಣ ಒಂದೇ ಒಂದು ಲಗ್, ಅಂದರೆ ತಂತಿಯ ತುದಿಗೆ ತೊಡಿಸುವ ತಾಮ್ರದ ಕೊಳವೆ. ಅದು ತಂತಿಯನ್ನು ಗಟ್ಟಿಯಾಗಿ ಕಚ್ಚಿರಲಿಲ್ಲ. ಸಡಿಲವಾದ ಕಡೆ ಕಾದು ಕಾದು ಕಿಡಿ ಹೊತ್ತಿತ್ತು.

"ಅದು ಅವರೇ ಮಾಡಿದ್ದು ಅಂತ ಹೇಗೆ ಗೊತ್ತಾಯ್ತು?" ಎಂದು ಮೀಟರಮ್ಮ ಕೇಳಿದಳು.

ಆ ವರ್ಕ್‌ಶಾಪಿನ ಪದ್ಧತಿಯೇ ಹಾಗೆ ಎಂದಳು ದೊಡ್ಡಕ್ಕ. ಲಗ್ಗನ್ನು ಒತ್ತುವ ಕ್ರಿಂಪಿಂಗ್ ಟೂಲಿನ ಬಾಯಲ್ಲಿ ಒಂದು ಜೋಡಿ ಉಕ್ಕಿನ ಅಚ್ಚು ಕೂರುತ್ತದೆ, ಅದೇ ಡೈ. ಯಜಮಾನರು ಪ್ರತಿಯೊಬ್ಬರ ಡೈಗೂ ಒಂದು ಗುರುತು ಕೊರೆದಿದ್ದಾರೆ. ದೊಡ್ಡಕ್ಕನದು ಒಂದು ಚುಕ್ಕಿ. ಇನ್ನೊಬ್ಬ ವೈರ್‌ಮನ್‌ನದು ಎರಡು. ಅವನಿಗೆ ಎರಡುಚುಕ್ಕಿ ಎಂದೇ ಹೆಸರು ಬಿದ್ದಿದೆ. ತಂಗಿಯದು ಮೂರು, ಅವಳು ಮೂರುಚುಕ್ಕಿ. ಯಾರು ಒತ್ತಿದರೂ ಅವರ ಗುರುತು ಲಗ್ಗಿನ ಮೇಲೆ ಮೂಡುತ್ತದೆ. ಸುಟ್ಟ ಲಗ್ಗಿನ ಮೇಲೆ ಮೂರು ಚುಕ್ಕಿಗಳಿದ್ದವು. ಟೂಲನ್ನು ಅವರವರ ಡ್ರಾಯರಿನಲ್ಲಿಟ್ಟು ಬೀಗ ಹಾಕಿಕೊಳ್ಳುತ್ತಾರೆ, ಕೀಲಿ ಅವರವರ ಸೊಂಟದಲ್ಲಿ.

ಕೆಟ್ಟ ಕೆಲಸ ಹೊರಗೆ ಹೋಗಿ ಯಾರಿಗಾದರೂ ಪೆಟ್ಟಾದರೆ ಅಲ್ಲಿ ಒಂದು ಶಿಕ್ಷೆಯಿದೆ. ಎಲ್ಲರನ್ನೂ ಸೇರಿಸಿ, ಆ ಕೆಲಸಗಾರರ ಡೈಯನ್ನು ಅಡೆಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಒಡೆಯುತ್ತಾರೆ. ಡೈ ಒಡೆಸಿಕೊಂಡವರನ್ನು ಆ ಕಸುಬಿನಲ್ಲಿ ಮತ್ತೆ ಯಾರೂ ಹತ್ತಿರ ಸೇರಿಸುವುದಿಲ್ಲ. ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಮೂರುಚುಕ್ಕಿಯ ಡೈ ಒಡೆಯುವುದೆಂದು ತೀರ್ಮಾನವಾಗಿತ್ತು.

"ಮುಂದಿನ ತಿಂಗಳಿಂದ ಅವಳೇ ನಮ್ಮ ಮೇಲ್ವಿಚಾರಕಿ ಆಗಬೇಕಿತ್ತು," ಎಂದಳು ದೊಡ್ಡಕ್ಕ. "ಅವಳ ಕೈಯಲ್ಲಿ ಸಡಿಲ ಕೆಲಸ ಬರಲ್ಲ ಮೀಟರಮ್ಮ. ನಾನು ಆಣೆ ಮಾಡಿ ಹೇಳ್ತೀನಿ. ನೀವು ಒಂದ್ಸಲ ಬಂದು ಆ ಚುಕ್ಕಿಗಳನ್ನ ಸರಿಯಾಗಿ ನೋಡಿ. ಅಷ್ಟೇ ನಾನು ಕೇಳೋದು."

ಹೋಗುವಾಗ ಮೆಟ್ಟಿಲ ಮೇಲೆ ನಿಂತು ಕಣ್ಣೊರೆಸಿಕೊಂಡಳು. ಇಂಥ ಅಕ್ಕ ಯಾರಿಗೆ ಸಿಗುತ್ತಾಳೆ ಎಂದುಕೊಂಡೆ.

ವರ್ಕ್‌ಶಾಪ್ ಎಂದರೆ ತಗಡಿನ ಮಾಡಿನ ಕೆಳಗೆ ಉದ್ದನೆಯ ಒಂದು ಹಾಲ್. ಗೋಡೆಗುಂಟ ಬೀರುವಿನಂತೆ ನಿಂತ ಪ್ಯಾನೆಲುಗಳು, ನಡುವೆ ಮೂರು ಮೇಜು, ಮೂಲೆಯಲ್ಲಿ ಗಾಜಿನ ಕಿಟಕಿಯ ಯಜಮಾನರ ಕೋಣೆ. ಕೋಣೆಯ ಬಾಗಿಲ ಪಕ್ಕದಲ್ಲೇ ಅಡೆಗಲ್ಲು. ಯಜಮಾನರು ದಪ್ಪ ಕನ್ನಡಕದ ಹಿರಿಯರು. ಮೀಟರಮ್ಮನಿಗೆ ಎದ್ದು ನಿಂತು ನಮಸ್ಕರಿಸಿದರು. ನನಗೆ, "ನೀವು ಅವರ ಜೊತೆಗೆ ಬಂದವರಾ? ಅಲ್ಲಿ ಸ್ಟೂಲ್ ಇದೆ, ಕೂತ್ಕೊಳ್ಳಿ," ಎಂದರು. ಕೂತೆ.

ಸುಟ್ಟ ಪ್ಯಾನೆಲನ್ನು ವಾಪಸು ತಂದು ಒಂದು ಬದಿಯಲ್ಲಿ ನಿಲ್ಲಿಸಿದ್ದರು. ಮೇಲಿನ ಎಡಮೂಲೆ ಮಾತ್ರ ಕರಿಯಾಗಿತ್ತು, ಉಳಿದದ್ದೆಲ್ಲ ಚೆನ್ನಾಗಿಯೇ ಇತ್ತು. ಅರವತ್ತೆರಡು ತಂತಿಗಳು ಬಾಚಿ ಹೆಣೆದ ಹಾಗೆ ಸಾಲಾಗಿ ಇಳಿದಿದ್ದವು. ಅಂಥ ಕೆಲಸವನ್ನು ನಾನೂ ನೋಡಿರಲಿಲ್ಲ. ಅದರ ಮುಂದೆ ಕೈಕಟ್ಟಿ ನಿಂತಿದ್ದ ಮೂರುಚುಕ್ಕಿಗೆ ಮೂವತ್ತಿರಬಹುದು. ಅತ್ತು ಅತ್ತು ಮುಖ ಊದಿತ್ತು. ಅವಳು ಹೇಳಿದ್ದು ಎರಡೇ ಮಾತು: ತಾನು ಎಂದಿನಂತೆಯೇ ಒತ್ತಿದ್ದು, ಆದರೆ ಗುರುತು ತನ್ನದೇ ಆದ ಮೇಲೆ ಇನ್ನೇನು ಹೇಳಲಿ.

ಮೀಟರಮ್ಮ ಮೊದಲು ಟೂಲುಗಳನ್ನು ನೋಡಿದಳು. ಮೂರೂ ಒಂದೇ ಮಾದರಿಯವು. ಎರಡು ಸ್ಕ್ರೂ ಬಿಚ್ಚಿದರೆ ಡೈ ಕೈಗೆ ಬರುತ್ತದೆ, ಯಾರ ಡೈ ಯಾರ ಟೂಲಿಗಾದರೂ ಕೂರುತ್ತದೆ. ಒಂದೊಂದು ಡೈಯಲ್ಲೂ ತಂತಿಯ ದಪ್ಪಕ್ಕೆ ತಕ್ಕಂತೆ ಮೂರು ಗೂಡುಗಳಿದ್ದವು. ಸಣ್ಣ ಲಗ್ಗನ್ನು ದೊಡ್ಡ ಗೂಡಿನಲ್ಲಿ ಒತ್ತಿದರೆ ಅದು ಕಚ್ಚುವುದಿಲ್ಲ. ದೊಡ್ಡದನ್ನು ಸಣ್ಣದರಲ್ಲಿ ಒತ್ತಿದರೆ ಎಳೆಗಳು ಕತ್ತರಿಸಿಹೋಗುತ್ತವೆ. ಹಿಡಿಯ ಒಳಗೆ ಹಲ್ಲುಚಕ್ರ ಇರುವುದರಿಂದ ಕೊನೆತನಕ ಒತ್ತದೆ ಟೂಲು ಬಾಯಿ ಬಿಡುವುದಿಲ್ಲ. ಅರ್ಧಂಬರ್ಧ ಒತ್ತಿ ಮುಗಿಸುವ ಸೋಮಾರಿತನಕ್ಕೆ ಅಲ್ಲಿ ದಾರಿಯಿಲ್ಲ.

ಆಮೇಲೆ ಸುಟ್ಟ ಲಗ್ಗನ್ನು ಕೈಗೆತ್ತಿಕೊಂಡಳು. ತಾಮ್ರ ಕರಗಿರಲಿಲ್ಲ, ಕಪ್ಪಾಗಿತ್ತು ಅಷ್ಟೇ. ಅದರ ಜೊತೆ ಒಂದು ಗೇಣು ತಂತಿಯೂ ಉಳಿದಿತ್ತು. ಚಿಂದಿಯಿಂದ ಒರೆಸಿ ಭೂತಗನ್ನಡಿ ಹಿಡಿದು ತುಂಬ ಹೊತ್ತು ನೋಡಿದಳು.

"ಇಕ್ಕಳದಲ್ಲಿ ಒತ್ತಿದ್ದಲ್ಲ, ಟೂಲಿಂದಲೇ ಒತ್ತಿದ್ದು," ಎಂದಳು. "ಗೂಡೂ ಸರಿಯಾದದ್ದೇ. ಲಗ್ಗೂ ತಂತಿಗೆ ಸರಿಯಾದದ್ದೇ. ಆದರೂ ಕಚ್ಚಿಲ್ಲ."

ನನಗೂ ಕನ್ನಡಿ ಕೊಟ್ಟಳು. ನಾನು ಮೂರು ಚುಕ್ಕಿ ಎಣಿಸಿ ವಾಪಸು ಕೊಟ್ಟೆ. ಕೊಳವೆಯ ಮುಂದಿನ ಬಾಯಿಂದ ಇಣುಕುತ್ತಿದ್ದ ಎಳೆಗಳನ್ನೂ ನೋಡು ಎಂದಳು. ನೋಡಿದೆ. ಎಳೆಗಳ ತುದಿಗೆ ಅವುಗಳಲ್ಲೇ ಒಂದು ಎಳೆ ಸೊಂಟಪಟ್ಟಿಯ ಹಾಗೆ ಒಂದು ಸುತ್ತು ಸುತ್ತಿಕೊಂಡಿತ್ತು.

ಅದೇನೆಂದು ಕೇಳಿದಾಗ ಎರಡುಚುಕ್ಕಿ ಮೂಗು ಮುರಿದ. ಉದ್ದನೆಯ, ಒಣಕಲು ಆಸಾಮಿ; ಮೇಲ್ವಿಚಾರಕನಾಗಬೇಕಿದ್ದವನು ತಾನು ಎಂಬುದು ಅವನ ಮುಖದಲ್ಲೇ ಬರೆದಿತ್ತು. "ಅದು ಅಕ್ಕತಂಗಿಯರ ಅಲಂಕಾರ," ಎಂದ. "ತಂತಿಗೂ ಜಡೆ ಹಾಕ್ತಾರೆ. ನಮಗೆಲ್ಲ ಅಷ್ಟು ಪುರುಸೊತ್ತಿಲ್ಲಪ್ಪ."

ವಿಚಾರಿಸಿದಾಗ ತಿಳಿದದ್ದು: ಅವರ ತಾಯಿ ಕಸೂತಿ ಹಾಕುವವರು. ದಾರದ ಕಟ್ಟು ಕೆದರದಿರಲೆಂದು ಅದರದೇ ಒಂದು ಎಳೆ ತೆಗೆದು ತುದಿಗೆ ಸುತ್ತುತ್ತಿದ್ದರು. ದೊಡ್ಡಕ್ಕ ಅದನ್ನೇ ತಾಮ್ರದ ಎಳೆಗಳಿಗೆ ಮಾಡಲು ಕಲಿತಳು, ತಂಗಿಗೂ ಕಲಿಸಿದಳು. ಒಂದೇ ಒಂದು ಎಳೆಯೂ ಕೊಳವೆಯಿಂದ ಹೊರಗೆ ಉಳಿಯಬಾರದೆಂಬ ಹಟ. ಮೀಟರಮ್ಮ ಎರಡುಚುಕ್ಕಿಯ ಕೈಗೆ ಒಂದು ತಂತಿ ಕೊಟ್ಟು ಹಾಗೆಯೇ ಸುತ್ತಿ ತೋರಿಸಲು ಕೇಳಿದಳು. ಅವನು ನಗುತ್ತಲೇ ಶುರುಮಾಡಿದ. ಮೊದಲ ಎಳೆ ತುಂಡಾಯಿತು. ಎರಡನೆಯದೂ ತುಂಡಾಯಿತು. ಮೂರನೆಯದು ಬೆರಳಿಗೆ ಚುಚ್ಚಿ ರಕ್ತ ಬಂತು. ನಗು ನಿಂತುಹೋಯಿತು.

ಅಷ್ಟರಲ್ಲಿ ನಾನು ಸ್ಟೂಲಿನಿಂದ ಎದ್ದು ಪ್ಯಾನೆಲಿನ ಒಳಗೆ ಇಣುಕಿದ್ದೆ. ನನಗೂ ಕಣ್ಣಿದೆ ಎಂದು ಯಾರಿಗಾದರೂ ತೋರಿಸಬೇಕಿತ್ತು. ಸುಟ್ಟ ತಂತಿ ಇದ್ದದ್ದು ಮೊದಲನೆಯ ಸಾಲಿನ ಒಂದನೆಯ ಟರ್ಮಿನಲ್ಲಿನಲ್ಲಿ, ಅಂದರೆ ಲಗ್ಗನ್ನು ಸ್ಕ್ರೂ ಹಾಕಿ ಬಿಗಿಯುವ ಜಾಗದಲ್ಲಿ. ಪಕ್ಕದ ತಂತಿಗಳೆಲ್ಲ ಒಂದೇ ರೀತಿ ಬಾಗಿ ಬಂದಿದ್ದವು. ಇದರ ಉಳಿದ ತುಂಡನ್ನು ಜೋಡಿಸಿ ಹಿಡಿದರೆ ಹೆಬ್ಬೆರಳಗಲ ಗಿಡ್ಡವಾಗುತ್ತಿತ್ತು. ಇದನ್ನು ಹೇಳಿದಾಗ ಮೀಟರಮ್ಮ, "ಭೇಷ್ ಅಣ್ಣ," ಎಂದಳು. ಸಣ್ಣ ಮಕ್ಕಳಿಗೆ ಹೇಳಿದ ಹಾಗೆ ಕೇಳಿಸಿ ಮೈ ಉರಿಯಿತು.

ಕೊನೆಗೆ ಅವಳು ಮಾತಾಡಿಸಿದ್ದು ಟೆಸ್ಟಿಂಗ್ ಮಾಮನನ್ನು. ಪ್ಯಾನೆಲ್ ಹೊರಗೆ ಹೋಗುವ ಮುಂಚೆ ಪ್ರತಿಯೊಂದು ತಂತಿಗೂ ಹಲ್ಲಿನ ಕೊಕ್ಕೆ ಸಿಕ್ಕಿಸಿ ಸ್ಪ್ರಿಂಗ್ ತಕ್ಕಡಿಯಿಂದ ಎಳೆದು ನೋಡುವುದು ಅವರ ಕೆಲಸ. ಒಂದನೆಯ ಟರ್ಮಿನಲ್ಲಿನಿಂದ ಶುರುಮಾಡಿ ಕೊನೆಯದರವರೆಗೂ ಎಳೆಯಬೇಕು. ಎಳೆದೆ, ಸಹಿ ಹಾಕಿದೆ ಎಂದರು ಮಾಮ, ನೆಲ ನೋಡುತ್ತ. ಮೀಟರಮ್ಮ ಮತ್ತೇನೂ ಕೇಳಲಿಲ್ಲ. ಎರಡುಚುಕ್ಕಿ ಮುಗಿಸಿಟ್ಟಿದ್ದ ಇನ್ನೊಂದು ಪ್ಯಾನೆಲಿನ ತಂತಿಗಳ ಮೇಲೆ ಬೆರಳಾಡಿಸಿ ಬಂದಳು, ಆಮೇಲೆ ಸುಟ್ಟ ಪ್ಯಾನೆಲಿನ ತಂತಿಗಳ ಮೇಲೂ.

ಅವಳು ಯಜಮಾನರನ್ನು ಕೇಳಿದ್ದು ಒಂದೇ ಪ್ರಶ್ನೆ: ಮೂರುಚುಕ್ಕಿಯ ಡೈ ಇಷ್ಟು ಹೊಸದಾಗಿ ಹೊಳೆಯುತ್ತಿದೆಯಲ್ಲ, ಯಾವಾಗ ಹಾಕಿದ್ದು? ಯಜಮಾನರು ನೆನಪಿಸಿಕೊಂಡರು. ಬಡ್ತಿಯ ಸುದ್ದಿ ಹೇಳಿದ ಸೋಮವಾರವೇ ಹಾಕಿದ್ದು. ಹಳೆಯದನ್ನು ಅಳತೆ ಕಡ್ಡಿ ಹಾಕಿ ನೋಡಿದಾಗ ಸವೆದಿತ್ತು. ಹಾಗಾಗಿ ಎಲ್ಲರ ಮುಂದೆ ಚಪ್ಪಾಳೆ ತಟ್ಟಿಸಿ ಹೊಸ ಡೈ ಕೊಟ್ಟಿದ್ದರು. ಹಳೆಯದನ್ನು ತಮ್ಮ ಮೇಜಿನ ಮೇಲಿನ ತಗಡಿನ ಡಬ್ಬಿಗೆ ಹಾಕಿದ್ದರು. ಡಬ್ಬಿ ತೆರೆದು ನೋಡಿದಾಗ ಅದರಲ್ಲಿ ಹಳೆಯ ಸ್ಕ್ರೂಗಳಿದ್ದವು, ಮುರಿದ ಬ್ಲೇಡ್ ಇತ್ತು. ಡೈ ಇರಲಿಲ್ಲ. ಸುಟ್ಟ ಪ್ಯಾನೆಲಿನ ವೈರಿಂಗ್ ನಡೆದದ್ದು ಅದೇ ವಾರ, ಸೋಮವಾರದ ನಂತರ.

ಶುಕ್ರವಾರ ಮಧ್ಯಾಹ್ನ ಅಂಗಡಿಯಲ್ಲಿ ಕೂತು ಚಹಾ ಕುಡಿಯುವಾಗ ಮೀಟರಮ್ಮ ಲೋಟ ಹಿಡಿದುಕೊಂಡೇ ಯೋಚಿಸುತ್ತಿದ್ದಳು.

"ಯಾರು ಅನ್ನೋದು ಗೊತ್ತಾಯ್ತು ಅಣ್ಣ. ಯಾಕೆ ಅನ್ನೋದೇ ಕೂರ್ತಿಲ್ಲ. ಅರವತ್ತೆರಡು ಟರ್ಮಿನಲ್ ಇದಾವೆ. ಕೆಡಿಸೋರು ಎಲ್ಲೋ ಕೆಳಗೆ, ಕೈಗೆಟುಕದ ಮೂಲೇಲಿ ಕೆಡಿಸಬೇಕು. ಮೊದಲನೇದನ್ನೇ ಯಾಕೆ ಕೆಡಿಸ್ತಾರೆ? ಮಾಮ ಕೊಕ್ಕೆ ಹಾಕೋದೇ ಅಲ್ಲಿಂದ."

"ಸಿಕ್ಕಿಬೀಳಲಿ ಅಂತಾನೇ," ಎಂದೆ. ಯೋಚಿಸದೆ ಬಾಯಿಗೆ ಬಂದದ್ದು.

"ಯಾರು ಸಿಕ್ಕಿಬೀಳಲಿ ಅಂತ?"

"ಅಲ್ಲೇ, ವರ್ಕ್‌ಶಾಪಿನ ಒಳಗೇ ತಪ್ಪು ಸಿಕ್ಕಲಿ ಅಂತ. ಹೊಟ್ಟೆಕಿಚ್ಚು ಪಡೋರಿಗೆ ಮನೆ ಸುಡೋದು ಬೇಕಿರಲ್ಲ. ನಾಲ್ಕು ಜನರ ಮುಂದೆ ಒಂದ್ಸಲ ಎಡವಿದ್ರೆ ಸಾಕು. ಆಮೇಲೆ ತಾವೇ ಹೋಗಿ ಎತ್ತಿ ನಿಲ್ಲಿಸ್ತಾರೆ."

ಅವಳು ಲೋಟ ಕೆಳಗಿಟ್ಟು ನನ್ನನ್ನೇ ನೋಡಿದಳು. ನಿನಗೆ ಇದೆಲ್ಲ ಹೇಗೆ ಗೊತ್ತು ಎಂದು ಕೇಳಬಹುದೆಂದು ಹೆದರಿದೆ. ಅವಳು ಕೇಳಲಿಲ್ಲ. "ಕೂತ್ಕೊಂಡ್ತು," ಎಂದಷ್ಟೇ ಹೇಳಿ ಎದ್ದಳು.

ಶನಿವಾರ ಹನ್ನೆರಡಕ್ಕೆ ಎಲ್ಲರೂ ಅಡೆಗಲ್ಲಿನ ಸುತ್ತ ಸೇರಿದ್ದರು. ಐಸ್ ಫ್ಯಾಕ್ಟರಿಯ ಆಪರೇಟರ್ ಎಡಗೈಗೆ ಬ್ಯಾಂಡೇಜ್ ಸುತ್ತಿಕೊಂಡು ಬಂದಿದ್ದ. ಯಜಮಾನರ ಕೈಯಲ್ಲಿ ಸುತ್ತಿಗೆಯಿತ್ತು. ಅಡೆಗಲ್ಲಿನ ಮೇಲೆ ಮೂರುಚುಕ್ಕಿಯ ಹೊಳೆಯುವ ಡೈ. ಅವಳು ಅದನ್ನು ನೋಡಲಾರದೆ ಗೋಡೆಯ ಕಡೆ ತಿರುಗಿದ್ದಳು, ಪಕ್ಕದಲ್ಲಿ ದೊಡ್ಡಕ್ಕ ಅವಳ ಭುಜ ಹಿಡಿದು ನಿಂತಿದ್ದಳು.

"ಸುತ್ತಿಗೆ ಎತ್ತೋ ಮುಂಚೆ ಎರಡು ಲಗ್ ನೋಡಿ ಯಜಮಾನರೇ," ಎಂದಳು ಮೀಟರಮ್ಮ. ಸುಟ್ಟ ಲಗ್ಗನ್ನೂ ಅದೇ ಪ್ಯಾನೆಲಿನ ಇನ್ನೊಂದು ಲಗ್ಗನ್ನೂ ಭೂತಗನ್ನಡಿಯ ಜೊತೆ ಅವರ ಕೈಗಿತ್ತಳು. ಎರಡರಲ್ಲೂ ಮೂರು ಚುಕ್ಕಿ ಇವೆ. ಆದರೆ ಒಂದರಲ್ಲಿ ಮೂರೂ ದುಂಡಗೆ, ಚೂಪಾಗಿ ಮೂಡಿವೆ. ಸುಟ್ಟದ್ದರಲ್ಲಿ ಮೂರನೆಯ ಚುಕ್ಕಿ ಅರ್ಧಕ್ಕೆ ಸವೆದಿದೆ. ಕಳೆದ ತಿಂಗಳು ಮೂರುಚುಕ್ಕಿ ಒತ್ತಿದ ಲಗ್ಗೊಂದನ್ನು ಸ್ಟೋರಿನಿಂದ ತರಿಸಿ ತೋರಿಸಿದಳು. ಅದರಲ್ಲೂ ಮೂರನೆಯ ಚುಕ್ಕಿ ಹಾಗೆಯೇ ಅರ್ಧ. ಈ ಪ್ಯಾನೆಲಿನ ಅರವತ್ತೊಂದು ಲಗ್ಗುಗಳನ್ನು ಒತ್ತಿದ್ದು ಹೊಸ ಡೈ. ಒಂದನ್ನು ಮಾತ್ರ ಒತ್ತಿದ್ದು ಡಬ್ಬಿಯಿಂದ ಕಾಣೆಯಾದ ಹಳೆಯ ಡೈ. ಟೂಲು ಸರಿ, ಗೂಡು ಸರಿ, ಕೊನೆತನಕ ಒತ್ತಿದ್ದೂ ಸರಿ. ಅಚ್ಚೇ ಸವೆದಿದ್ದರಿಂದ ಲಗ್ ಕಚ್ಚಲಿಲ್ಲ.

"ಮೂರುಚುಕ್ಕಿಯ ಡ್ರಾಯರಿನಲ್ಲಿ ಹೊಸ ಡೈ ಇರೋವಾಗ ಹಳೇದನ್ನ ಕದ್ದು, ತನ್ನದೇ ಗುರುತಿನಲ್ಲಿ ತಾನೇ ಕೆಟ್ಟ ಕೆಲಸ ಮಾಡ್ಕೊಳ್ಳೋಕೆ ಅವರಿಗೇನು ಹುಚ್ಚಾ?"

ತಂತಿ ಹೆಬ್ಬೆರಳಗಲ ಗಿಡ್ಡವಾಗಿದ್ದುದನ್ನು ತನ್ನ ಅಣ್ಣ ಕಂಡುಹಿಡಿದನೆಂದು ಅವಳು ಎಲ್ಲರ ಮುಂದೆ ಹೇಳಿದಳು. ಮೂರುಚುಕ್ಕಿ ಮೊದಲು ಒತ್ತಿದ್ದ ಲಗ್ಗನ್ನು ಯಾರೋ ಕತ್ತರಿಸಿ ತೆಗೆದು ಹೊಸದನ್ನು ಹಾಕಿದ್ದಾರೆ, ಗಿಡ್ಡವಾದದ್ದು ಅದಕ್ಕೇ. ಅಷ್ಟು ಹೊತ್ತಿಗೆ ಎಲ್ಲರ ಕಣ್ಣೂ ಎರಡುಚುಕ್ಕಿಯ ಮೇಲೆ ಬಿದ್ದಿತ್ತು. ಅವನ ಮುಖ ಸುಣ್ಣದಂತಾಯಿತು.

"ಅವರಿಗೆ ಹೊಟ್ಟೆಕಿಚ್ಚಿದೆ, ಅದನ್ನ ಅವರು ಮುಚ್ಚಿಡೋದೂ ಇಲ್ಲ," ಎಂದಳು ಮೀಟರಮ್ಮ. "ಆದರೆ ಈ ಲಗ್ಗಿನ ಒಳಗೆ ಎಳೆ ಸುತ್ತಿದೆ. ಗುರುವಾರ ಇವರು ಮೂರು ಸಲ ಪ್ರಯತ್ನ ಪಟ್ಟು ಮೂರು ಸಲ ಸೋತರು. ಬೇಕಂತ ಸೋತರು ಅನ್ನೋಣ ಅಂದ್ರೆ ಬೆರಳಿಗೆ ಚುಚ್ಚಿಕೊಂಡಿದ್ದು ನೀವೇ ನೋಡಿದ್ರಿ. ಆ ಸುತ್ತು ಹಾಕೋಕೆ ಬರೋದು ಈ ವರ್ಕ್‌ಶಾಪಿನಲ್ಲಿ ಇಬ್ಬರಿಗೇ. ಒಬ್ಬರು ಮಾಡಿಲ್ಲ ಅಂತ ಆಯ್ತು."

ದೊಡ್ಡಕ್ಕನ ಕೈ ತಂಗಿಯ ಭುಜದಿಂದ ತಾನಾಗಿ ಕೆಳಗಿಳಿಯಿತು.

ಮೀಟರಮ್ಮ ದನಿ ತಗ್ಗಿಸಿ ಮುಂದುವರಿಸಿದಳು. ದೊಡ್ಡಕ್ಕ ತಮ್ಮ ಮನೆಗೆ ಬಂದಾಗ ಚುಕ್ಕಿಗಳನ್ನು ಸರಿಯಾಗಿ ನೋಡಿ ಎಂದಿದ್ದಳು. ವರ್ಕ್‌ಶಾಪಿನಲ್ಲಿ ಪ್ರತಿಯೊಬ್ಬರೂ ಚುಕ್ಕಿ ಎಣಿಸಿದ್ದರು, ಎಣಿಕೆ ಸರಿಯಿತ್ತು. ಅದರಾಚೆ ನೋಡುವುದು ಇನ್ನೂ ಇದೆ ಎಂದು ಗೊತ್ತಿದ್ದದ್ದು ಹಳೆಯ ಡೈ ಹಿಡಿದ ಕೈಗೆ ಮಾತ್ರ. ತಂಗಿ ಉಳಿಯಬೇಕು, ತಾನು ಸಿಕ್ಕಿಬೀಳಬಾರದು. ಅನುಮಾನ ಎರಡುಚುಕ್ಕಿಯ ಮೇಲೆ ಹೋಗಿ ನಿಂತರೆ ನಿಲ್ಲಲಿ.

"ಆದರೆ ಆಪರೇಟರನ ಕೈ ಸುಡಬೇಕು ಅಂತ ಅವರು ಮಾಡಲಿಲ್ಲ," ಎಂದು ಮೀಟರಮ್ಮ ಟೆಸ್ಟಿಂಗ್ ಮಾಮನ ಕಡೆ ತಿರುಗಿದಳು. "ಕೆಡಿಸಿದ್ದು ಒಂದನೇ ಟರ್ಮಿನಲ್. ಮಾಮನ ಕೊಕ್ಕೆ ಮೊದಲು ಬೀಳೋ ಜಾಗ. ಎಳೆದ ತಕ್ಷಣ ಕಳಚಿ ಬರಬೇಕಿತ್ತು. ಯಜಮಾನರು ಬೈಬೇಕಿತ್ತು, ಬಡ್ತಿ ಮುಂದಕ್ಕೆ ಹೋಗಬೇಕಿತ್ತು. ಅಷ್ಟೇ ಲೆಕ್ಕಾಚಾರ. ಮಾಮ, ನೀವು ಎಳೆದ್ರಾ?"

ಎರಡುಚುಕ್ಕಿಯ ಪ್ಯಾನೆಲಿನ ಪ್ರತಿ ತಂತಿಯ ಮೇಲೂ ಕೊಕ್ಕೆಯ ಹಲ್ಲಿನ ಗುರುತಿತ್ತು. ಮೂರುಚುಕ್ಕಿಯ ಪ್ಯಾನೆಲಿನ ಅರವತ್ತೆರಡು ತಂತಿಗಳಲ್ಲಿ ಒಂದರ ಮೇಲೂ ಇರಲಿಲ್ಲ. ಮಾಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಎರಡು ವರ್ಷದಿಂದ ಮೂರು ಚುಕ್ಕಿ ಕಂಡರೆ ಎಳೆಯದೆಯೇ ಸಹಿ ಹಾಕುತ್ತಿದ್ದೆ ಎಂದು ಒಪ್ಪಿಕೊಂಡರು. ಅವಳ ಲಗ್ ಬಿಟ್ಟುಬರುತ್ತದೆಂದು ಯಾರು ಅಂದುಕೊಳ್ಳುತ್ತಾರೆ?

ಅವಳ ಕೆಲಸ ಅಷ್ಟು ಚೆನ್ನಾಗಿತ್ತು. ದೊಡ್ಡಕ್ಕನ ಲೆಕ್ಕ ತಪ್ಪಿದ್ದು ಅಲ್ಲೇ. ತಂಗಿಯ ಮೇಲೆ ಊರಿಗಿದ್ದ ನಂಬಿಕೆ ತಾನು ಅಂದುಕೊಂಡದ್ದಕ್ಕಿಂತ ದೊಡ್ಡದೆಂದು ಅವಳಿಗೆ ಗೊತ್ತಿರಲಿಲ್ಲ.

ದೊಡ್ಡಕ್ಕ ಸುಳ್ಳು ಹೇಳಲಿಲ್ಲ. ಕಿಸೆಯಿಂದ ಹಳೆಯ ಡೈಯನ್ನು ತೆಗೆದು ಅಡೆಗಲ್ಲಿನ ಅಂಚಿನಲ್ಲಿಟ್ಟಳು. ಊಟದ ಹೊತ್ತಿನಲ್ಲಿ ತನ್ನ ಟೂಲಿಗೇ ಅದನ್ನು ಹಾಕಿ ಒತ್ತಿದ್ದಳು. ಸುತ್ತು ಹಾಕಬಾರದೆಂದು ಹೊಳೆಯಲೂ ಇಲ್ಲ. ಕೈಗೆ ಬೇರೆ ರೀತಿ ಬರುತ್ತಲೇ ಇರಲಿಲ್ಲ. ಮಾರನೆಯ ದಿನ ಪ್ಯಾನೆಲ್ ಲಾರಿ ಹತ್ತುವುದನ್ನು ನಿಂತು ನೋಡಿದಳು. ಆಗಲೂ ಬಾಯಿ ಬಿಡಬಹುದಿತ್ತು. ಹತ್ತು ದಿನ ಸುಮ್ಮನಿದ್ದಳು.

"ಲಗ್ ಸಡಿಲ ಮಾಡಿದ್ದು ಒಂದು ಗಳಿಗೆಯ ತಪ್ಪು," ಎಂದಳು ಮೀಟರಮ್ಮ. "ಈ ಹತ್ತು ದಿನ ಅದಕ್ಕಿಂತ ದೊಡ್ಡದು."

"ಹೌದು," ಎಂದಳು ದೊಡ್ಡಕ್ಕ. "ಹದಿನೆಂಟು ವರ್ಷ ನನ್ನ ಒಂದು ಚುಕ್ಕಿಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಅವತ್ತು ಎಲ್ಲರೂ ತಟ್ಟಿದರು. ನಾನೂ ತಟ್ಟಿದೆ. ಕೈ ಉರೀತಿತ್ತು."

ಆಗ ಮೂರುಚುಕ್ಕಿ ಗೋಡೆಯಿಂದ ಮುಖ ತಿರುಗಿಸಿದಳು. "ಅಕ್ಕ, ನೀನು ಒಂದು ಮಾತು ಕೇಳಿದ್ರೆ ಆ ಕೆಲಸ ನಿನಗೇ ಬಿಟ್ಟುಕೊಡ್ತಿದ್ದೆ."

"ಗೊತ್ತಿತ್ತು ಕಣೇ. ಬಿಟ್ಟುಕೊಡ್ತೀಯ ಅಂತ ಗೊತ್ತಿತ್ತು. ಅದನ್ನೇ ನನಗೆ ತಡೆಯೋಕಾಗ್ಲಿಲ್ಲ."

ಆಪರೇಟರ್ ತನ್ನ ಬ್ಯಾಂಡೇಜಿನ ಕಡೆ ನೋಡಿಕೊಂಡ. ದೊಡ್ಡಕ್ಕ ತನ್ನ ಡ್ರಾಯರಿನ ಬೀಗ ತೆಗೆದು, ಟೂಲಿನ ಎರಡು ಸ್ಕ್ರೂ ಬಿಚ್ಚಿ, ಒಂದು ಚುಕ್ಕಿಯ ಡೈಯನ್ನು ತಂದಳು. ತಂಗಿಯ ಡೈಯನ್ನು ಎತ್ತಿ ಅವಳ ಕೈಗೆ ಕೊಟ್ಟು, ಆ ಜಾಗದಲ್ಲಿ ತನ್ನದನ್ನಿಟ್ಟಳು. ಯಜಮಾನರಿಗೆ ಸುತ್ತಿಗೆ ಎತ್ತಲು ಮನಸ್ಸಾಗಲಿಲ್ಲ. ಅವಳೇ ಅವರ ಕೈಯ ಸುತ್ತಿಗೆ ತೆಗೆದುಕೊಂಡು ಹೊಡೆದಳು. ಮೊದಲ ಏಟಿಗೆ ಒಡೆಯಲಿಲ್ಲ, ಎರಡನೆಯದಕ್ಕೆ ಒಡೆಯಿತು. ಮೂರುಚುಕ್ಕಿ ಅಕ್ಕನ ಹತ್ತಿರ ಹೋಗಲಿಲ್ಲ. ಎಲ್ಲರೂ ಚದುರಿದ ಮೇಲೆ ಬಗ್ಗಿ ಎರಡು ತುಂಡುಗಳನ್ನೂ ಹೆಕ್ಕಿ ತನ್ನ ಡ್ರಾಯರಿಗೆ ಹಾಕಿ ಬೀಗ ಹಾಕಿಕೊಂಡಳು. ಮುಂದೆ ಕೇಳಿದ ಸುದ್ದಿ ಇಷ್ಟು: ಆಪರೇಟರನ ಕೈ ವಾಸಿಯಾಗುವವರೆಗೂ ಐಸ್ ಫ್ಯಾಕ್ಟರಿಯಲ್ಲಿ ಅವನ ಬದಲಿಗೆ ನಿಂತು ಕೆಲಸ ಮಾಡಿದವಳು ದೊಡ್ಡಕ್ಕ. ತಂಗಿ ಮೇಲ್ವಿಚಾರಕಿಯಾದ ಮೊದಲ ದಿನ ಹೊರಡಿಸಿದ ಮೊದಲ ಆದೇಶ, ತನ್ನ ಲಗ್ಗುಗಳನ್ನು ಎಲ್ಲರದಕ್ಕಿಂತ ಜೋರಾಗಿ ಎಳೆಯಬೇಕು ಎಂಬುದು.

ಅಂದು ನಾವು ಮನೆಗೆ ಬಂದು ಅಂಗಡಿಯ ಬಾಗಿಲು ತೆರೆದಾಗ ಮೊದಲು ಕಂಡದ್ದು ಗೋಡೆಯ ಮೇಲಿನ ಆ ದೊಡ್ಡ ಮೀಟರು. ಏನೂ ಜೋಡಿಸದಿದ್ದಾಗಲೂ ಅದರ ಮುಳ್ಳು ಸೊನ್ನೆಗಿಂತ ಅರ್ಧ ಗೆರೆ ಮೇಲೆ ನಿಲ್ಲುತ್ತದೆ. ಹಳೆಯ ಮೀಟರು ಎಂದು ಎಲ್ಲರೂ ಸುಮ್ಮನಿರುತ್ತಾರೆ.

"ಅದನ್ನ ಕೆಡಿಸಿದ್ದು ನಾನು," ಎಂದೆ. ನಿಂತೇ ಹೇಳಿದೆ, ಕೂತರೆ ಹೇಳಲಾಗುತ್ತಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಒಂದು ದೊಡ್ಡ ಗಿರಣಿಯವರು ಅವಳ ಕೆಲಸ ಪರೀಕ್ಷಿಸಲು ಬರುವವರಿದ್ದರು. ನನ್ನದನ್ನಲ್ಲ, ಅವಳದನ್ನು. ಅವಳು ಸ್ನಾನಕ್ಕೆ ಹೋದಾಗ ಮುಳ್ಳನ್ನು ಸೊನ್ನೆಗೆ ಕೂರಿಸುವ ಸ್ಕ್ರೂವನ್ನು ಒಂದಿಷ್ಟು ತಿರುಗಿಸಿಬಿಟ್ಟೆ. ಅವಳು ಅವರ ಮುಂದೆ ಒಮ್ಮೆ ತಡವರಿಸಿದರೆ ಸಾಕಿತ್ತು. ಅವಳು ತಡವರಿಸಲಿಲ್ಲ. ಆಮೇಲೆ ಸರಿಮಾಡಲು ಕೈ ಹಾಕಿದರೆ ಗೊತ್ತಾಗಿಬಿಡುತ್ತದೆಂದು ಹಾಗೆಯೇ ಬಿಟ್ಟೆ.

ಅವಳು ಚೀಲದಿಂದ ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟಳು. "ಗೊತ್ತು ಅಣ್ಣ. ಆ ಸ್ಕ್ರೂ ತಲೆ ಮೇಲೆ ಗೀರಿದೆ. ನಿನ್ನ ಸ್ಕ್ರೂಡ್ರೈವರಿನ ಮೂಲೆ ಮುರಿದಿರೋದು ಯಾರಿಗೆ ಗೊತ್ತಿಲ್ಲ?"

"ಅವತ್ತೇ ಗೊತ್ತಾ?"

"ಅವತ್ತೇ. ಅದಕ್ಕೇ ಆ ಮೀಟರ್ ನೋಡಿದಾಗೆಲ್ಲ ಗೊಣಗ್ಕೊಂಡು ಅರ್ಧ ಗೆರೆ ಕಳೀತೀನಿ."

"ನೀನೇ ಸರಿಮಾಡಬಹುದಿತ್ತಲ್ಲ."

"ನಾನು ಮುಟ್ಟಿದ್ದಿದ್ರೆ ನೀನು ನನ್ನ ಮುಖ ನೋಡ್ತಿರಲಿಲ್ಲ. ಅರ್ಧ ಗೆರೆ ಕಳೆಯೋದು ನನಗೆ ಕಷ್ಟ ಆಗಲಿಲ್ಲ."

ನಾನು ಸ್ಟೂಲ್ ಎಳೆದು ಹತ್ತಿ, ಅದೇ ಮುರಿದ ಮೂಲೆಯ ಸ್ಕ್ರೂಡ್ರೈವರಿನಿಂದ ಮುಳ್ಳನ್ನು ಸೊನ್ನೆಗೆ ತಂದೆ. ಅವಳು ಕೆಳಗಿನಿಂದ ಸ್ಟೂಲಿನ ಕಾಲು ಹಿಡಿದುಕೊಂಡಿದ್ದಳು.

ಸೋಮವಾರ ಬೆಳಗ್ಗೆ ಅವಳು ಎಂದಿನಂತೆ ಆ ಮೀಟರನ್ನು ನೋಡಿ, ತುಟಿಯಲ್ಲೇ ಗೊಣಗಿ, ಚೀಟಿಯ ಮೇಲೆ ಸಂಖ್ಯೆ ಬರೆದಳು. ಬರೆದ ಮೇಲೆ ಪೆನ್ಸಿಲ್ ನಿಂತಿತು. ಬರೆದದ್ದನ್ನು ಹೊಡೆದುಹಾಕಿ, ಅರ್ಧ ಗೆರೆ ವಾಪಸು ಸೇರಿಸಿ, ಪಕ್ಕದಲ್ಲಿ ಮತ್ತೆ ಬರೆದಳು.